ಬಿಳಿಗಿರಿರಂಗನ ಬೆಟ್ಟಕ್ಕೆ ಮತ್ತೆ ತರಗು ಬೆಂಕಿ ಬೇಕೇ?

ಯಳಂದೂರಿನವನು: ಬಿಳಿಗಿರಿರಂಗನ ಬೆಟ್ಟದ 134 ತಾಣಗಳಲ್ಲಿ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರು 1997ರಲ್ಲಿ ಸಮೀಕ್ಷೆ ಮಾಡಿದಾಗ ಶೇ. 41ರಷ್ಟು ತಾಣಗಳಲ್ಲಿ ಲಂಟಾನ ಎಂಬ ಹೊರನಾಡಿನ ಕಳೆಪೊದೆ ಇತ್ತು. 2008ರಲ್ಲಿ ಅದು ಶೇ. 81. 1974ರಲ್ಲಿ ಅಭಯಾರಣ್ಯವಾದ ಮೇಲೆ ಇಲ್ಲಿನ ಬುಡಕಟ್ಟಿನವರಾದ ಸೋಲಿಗರ ತರಗು ಬೆಂಕಿಯನ್ನು ನಿಲ್ಲಿಸಿದ್ದರ ಫಲ ಇದು. ಹುಲ್ಲು ಪೂರ್ತಿ ಒಣಗುವ ಮೊದಲೇ, ಜನವರಿಯ ಹೊತ್ತಿಗೆ, ನೆಲದ ಎಲೆಯನ್ನಷ್ಟೇ ಸುಡುತ್ತಿದ್ದ ಬೆಂಕಿ ಅದು. ಎಳೆ ಲಂಟಾನ ಅದರಲ್ಲೇ ಸಾಯುತ್ತಿತ್ತು, ನೆಲ್ಲಿಮರದ ರಸ ಹೀರುವ ಬಂದಳಿಕೆಯೂ ಹತೋಟಿಯಲ್ಲಿತ್ತು ಎಂದು ಪೋಡಿನ (ಸೋಲಿಗರ ಹಾಡಿಯ) ಹಿರಿಯರು ಹೇಳುತ್ತಾರೆ. ಅದನ್ನು ಮರಳಿ ತರಬೇಕು.

ಗುಂಡ್ಲುಪೇಟೆ ರೈತ: ‘ಮರಳಿ ತರಬೇಕು’ ಎಂದು ಬರೆಯುವ ಮುನ್ನ 2019ರ ಫೆಬ್ರವರಿಯನ್ನು ನೆನೆಯಿರಿ. ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟುಹೋಯಿತು. ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯಲು ಹೋದವರಲ್ಲಿ ನಾನೂ ಒಬ್ಬ.

ಯಳಂದೂರಿನವನು: ಅದು ತರಗು ಬೆಂಕಿಯೇ? ಫೆಬ್ರವರಿ ಕೊನೆಯಲ್ಲಿ, ಕಾಡೆಲ್ಲ ಒಣಗಿ ನಿಂತಾಗ ಬಿದ್ದದ್ದು. ವರ್ಷಗಟ್ಟಲೆ ಬೆಂಕಿ ಸೋಕದಂತೆ ಕಾದು ಉರುವಲು ಒಟ್ಟಿಕೊಂಡರೆ ಹಾಗೆಯೇ ಆಗುತ್ತದೆ.

ನಿವೃತ್ತ ವನಪಾಲಕ: ‘ಉರುವಲು ಒಟ್ಟಿಕೊಂಡರೆ’ ಎಂದು ಯಾರನ್ನು ಅನ್ನುತ್ತಿದ್ದೀರಿ? ಬೇಸಿಗೆಯಿಡೀ ಮನೆಗೆ ಹೋಗದೆ ಬೆಂಕಿ ಕಾಯ್ದವರು ನಾವು. ಬೆಂಕಿ ಹಬ್ಬದಂತೆ ಗಿಡ, ಹುಲ್ಲು ತೆಗೆದು ಬೆಂಕಿ ರೇಖೆ ಕಡಿದವರೂ ನಾವೇ.

ಪೋಡಿನ ಮಗಳು: ಬೆಂಕಿ ರೇಖೆಯನ್ನು ಕಡಿಯುವುದಷ್ಟೇ ಅಲ್ಲ, ಸುಡುತ್ತೀರಿ ಸ್ವಾಮಿ. ನೀವು ಸುಟ್ಟರೆ ರಕ್ಷಣೆ, ನನ್ನ ತಾತ ಸುಟ್ಟರೆ ಅಪರಾಧ!

ನಿವೃತ್ತ ವನಪಾಲಕ: ಬೆಂಕಿ ರೇಖೆಯನ್ನು ಅಳೆದು, ಜನ ನಿಲ್ಲಿಸಿ, ಗಾಳಿ ನೋಡಿ ಸುಡುತ್ತೇವಮ್ಮ. ಎರಡೂ ಒಂದೇ ಅಲ್ಲ.

ಪೋಡಿನ ಮಗಳು: ‘ಗಾಳಿ ನೋಡಿ’ ಎಂದಿರಲ್ಲ, ಗಾಳಿ ನೋಡುವುದನ್ನು ನಿಮ್ಮ ವಾಚರ್‌ಗಳಿಗೆ ಕಲಿಸಿದವರು ಯಾರು? ಅವರಲ್ಲಿ ಅರ್ಧಕ್ಕರ್ಧ ನಮ್ಮವರೇ. ಬೆಂಕಿ ಎಲ್ಲಿ ಬಿದ್ದರೂ ಮೊದಲು ಪೋಡಿಗೆ ಬಂದು ಅನುಮಾನದಿಂದ ನೋಡುತ್ತಾರೆ, ಆಮೇಲೆ ನಂದಿಸಲು ನಮ್ಮನ್ನೇ ಕರೆಯುತ್ತಾರೆ. ಈ ಅವಮಾನವನ್ನು ನಾನು ಚಿಕ್ಕವಳಿದ್ದಾಗಿನಿಂದ ಕಂಡಿದ್ದೇನೆ.

ನಿವೃತ್ತ ವನಪಾಲಕ: ನಾನು ಯಾರ ಪೋಡಿಗೂ ಹಾಗೆ ಬಂದವನಲ್ಲ. ನನ್ನ ಮೇಲೆ ಹೊರಿಸಬೇಡಿ.

ಗುಂಡ್ಲುಪೇಟೆ ರೈತ: ಅನುಮಾನ ಸುಮ್ಮನೆ ಹುಟ್ಟುತ್ತದೆಯೇ? ದನ ಮೇಯಿಸಲು ಹೊಸ ಹುಲ್ಲು ಬೇಕೆಂದು ಬೆಂಕಿ ಇಡುವವರು ಇಲ್ಲವೇ?

ಪೋಡಿನ ಮಗಳು: ‘ದನ ಮೇಯಿಸಲು’ ಎಂಬುದನ್ನು ನಿಮ್ಮ ಊರಿನವರನ್ನು ಕೇಳಿ. ನಾವು ಜೇನು, ನೆಲ್ಲಿ, ಪಾಚಿ ತರುವವರು. ಕಾಡು ಸುಟ್ಟು ಬೂದಿಯಾದರೆ ನಮ್ಮ ಹೊಟ್ಟೆಯೇ ಸುಡುತ್ತದೆ.

ಸಸ್ಯಶಾಸ್ತ್ರ ಉಪನ್ಯಾಸಕಿ: ಜಗಳ ಸಾಕು, ಗಿಡದ ಮಾತಿಗೆ ಬನ್ನಿ. ಲಂಟಾನ ಬೆಂಕಿ ಬಿದ್ದ ಮೇಲೂ ಬುಡದಿಂದ ಚಿಗುರುತ್ತದೆ. ಲಂಟಾನ ಬೆಂಕಿಯನ್ನು ಬೆಳೆಸುತ್ತದೆ, ಬೆಂಕಿ ಲಂಟಾನವನ್ನು ಬೆಳೆಸುತ್ತದೆ ಎಂಬ ಊಹೆಯನ್ನು 2005ರಲ್ಲಿ ಮುಂದಿಟ್ಟವರೂ ಏಟ್ರೀಯವರೇ. ಮೊದಲ ಬರಹದಲ್ಲಿ ಅದೇಕೆ ಇಲ್ಲ?

ಯಳಂದೂರಿನವನು: ‘ಊಹೆ’ ಎಂದು ನೀವೇ ಬರೆದಿದ್ದೀರಿ ಮೇಡಂ. ಮುಂದೆ 2012ರಲ್ಲಿ ಸೋಲಿಗರ ಅನುಭವವನ್ನು ದಾಖಲಿಸಿ, ಬೆಂಕಿ ನಿಂತದ್ದರಿಂದ ಲಂಟಾನ ಹಬ್ಬಿತೆಂಬ ಅವರ ವಾದಕ್ಕೆ ಬೆಲೆ ಕೊಟ್ಟವರೂ ಅವರೇ. ಅದು ನಿಮ್ಮ ಬರಹದಲ್ಲೇಕೆ ಇಲ್ಲ?

ಸಸ್ಯಶಾಸ್ತ್ರ ಉಪನ್ಯಾಸಕಿ: ‘ಹಬ್ಬಿತೆಂಬ’ ವಾದ ಹಿಂದಿನದು. ಎಳೆ ಗಿಡವನ್ನು ತರಗು ಬೆಂಕಿ ಕೊಲ್ಲುತ್ತಿದ್ದಿರಬಹುದು, ಒಪ್ಪೋಣ. ಈಗ ಅಲ್ಲಿ ಲಂಟಾನ ಆಳೆತ್ತರಕ್ಕೂ ಮೀರಿ, ಮರದ ಕೊಂಬೆಗೆ ತಾಗಿ ನಿಂತಿದೆ. ಅದಕ್ಕೆ ಕಿಡಿ ಸೋಕಿದರೆ ಬೆಂಕಿ ನೆಲದಲ್ಲಿ ಉಳಿಯುವುದಿಲ್ಲ, ನೆತ್ತಿಗೇರುತ್ತದೆ. ಮಳೆಗೆ ಮೊದಲು ಗುದ್ದಲಿಯಿಂದ ಬುಡದ ಕೆಳಗೆ ತಾಯಿಬೇರು ಕಡಿದು, ಗಿಡವನ್ನು ತಲೆಕೆಳಗಾಗಿ ಇಡುವುದೇ ಸರಿಯಾದ ದಾರಿ.

ಗುಂಡ್ಲುಪೇಟೆ ರೈತ: ಮೇಡಂ ಸರಿಯಾಗಿ ಹೇಳಿದರು. ಬೆಂಕಿಯ ಮಾತು ಇಲ್ಲಿಗೆ ಮುಗಿಯಿತು.

ಪೋಡಿನ ಮಗಳು: ಮುಗಿಯಲಿಲ್ಲ. ಕಿತ್ತ ಜಾಗದಲ್ಲಿ ಹಕ್ಕಿ ಉದುರಿಸಿದ ಬೀಜ ಮರುವರ್ಷವೇ ಮೊಳೆಯುತ್ತದೆ, ಆ ಮೊಳಕೆಗೆ ತರಗು ಬೆಂಕಿ ಬೇಕೇ ಬೇಕು. 2011ರಲ್ಲಿ ನಮ್ಮ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. ಕಾಡನ್ನು ಕಾಯುವ, ನಿರ್ವಹಿಸುವ ಹಕ್ಕೂ ಅರಣ್ಯ ಹಕ್ಕು ಕಾಯ್ದೆಯಲ್ಲಿದೆ. ಕಿತ್ತು ಮುಗಿಸಿದ ಒಂದೇ ಒಂದು ಗುಡ್ಡ ಕೊಡಿ, ಐದು ವರ್ಷ ಬಿಟ್ಟು ಬಂದು ನೋಡಿ.

ನಿವೃತ್ತ ವನಪಾಲಕ: ‘ಒಂದು ಗುಡ್ಡ’ ಎಂದರೆ ಹುಲಿ ಸಂರಕ್ಷಿತ ಪ್ರದೇಶದೊಳಗಿನ ಗುಡ್ಡ. ಆ ಬೆಂಕಿ ಗಡಿ ದಾಟಿದ ದಿನ ಅಮಾನತಾಗುವವನು ಬೀಟ್ ಗಾರ್ಡ್. ನಿಮ್ಮ ಗ್ರಾಮಸಭೆ ಅಲ್ಲ.

ಪೋಡಿನ ಮಗಳು: ಗಡಿ ದಾಟಿದರೆ ಮೊದಲು ಸುಡುವುದು ನಮ್ಮ ಮನೆ, ಸ್ವಾಮಿ.