ಹುಬ್ಬಳ್ಳಿ–ಬೆಂಗಳೂರು 370 ಕಿ.ಮೀ.: ವಿಮಾನಕ್ಕೆ ಅರ್ಧ ತಾಸೋ, ಒಂದು ತಾಸೋ?

ತೋಟದಮನೆ (ಶಿರಸಿ): ಮುಂದಿನ ವಾರ ಆಯಿಯನ್ನು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು. ಹುಬ್ಬಳ್ಳಿಯಿಂದ ವಿಮಾನ ನೋಡ್ತಾ ಇದ್ದೆ. ದೂರ ಲೆಕ್ಕ ಹಾಕಿಕೊಡುವ ತಾಣದಲ್ಲಿ 370 ಕಿ.ಮೀ., ಅರ್ಧ ತಾಸು ಅಂತ ಬರ್ತದೆ. ಟಿಕೆಟಿನಲ್ಲಿ ಒಂದು ತಾಸಿನ ಮೇಲೆ ಇದೆ. ಯಾವುದನ್ನು ನಂಬಬೇಕು? ಅವಳಿಗೆ ಹೆಚ್ಚು ಹೊತ್ತು ಕೂರಲಿಕ್ಕೆ ಆಗೂದಿಲ್ಲ.

ಮೋಡದಾಚೆ (ಕುಮಟಾ): ಟಿಕೆಟನ್ನೇ ನಂಬಿ. 370 ಅನ್ನೋದು ದಾರ ಎಳೆದು ಹಿಡಿದ ಹಾಗಿನ ನೇರ ದೂರ. ಜೆಟ್ ವಿಮಾನ ಗಂಟೆಗೆ 830 ಕಿ.ಮೀ. ಅಂತ ಹಿಡಿದರೆ 27 ನಿಮಿಷ. ರೆಕ್ಕೆಯಲ್ಲಿ ಫ್ಯಾನ್ ತಿರುಗುವ ಎಟಿಆರ್ ಆದರೆ 500ರ ಆಸುಪಾಸು, 45 ನಿಮಿಷ. ಆದರೆ ಆ ವೇಗ ಪೂರ್ತಿ ಮೇಲೇರಿದ ಮೇಲೆ ಮಾತ್ರ. ಇಷ್ಟು ಹತ್ತಿರದ ಹಾರಾಟದಲ್ಲಿ ಏರುವುದು, ಇಳಿಯುವುದೇ ಬಹುಪಾಲು. ಇನ್ನೊಂದು, ಬೆಂಗಳೂರಿನ ರನ್‌ವೇಗಳು ಪೂರ್ವ–ಪಶ್ಚಿಮ. ವಿಮಾನ ಗಾಳಿಗೆ ಎದುರಾಗಿ ಇಳೀತದೆ, ಹಾಗಾಗಿ ಪಶ್ಚಿಮದ ಗಾಳಿ ಬೀಸುವಾಗ ಪೂರ್ವದ ಕಡೆಯಿಂದ ಬಂದು ಇಳೀಬೇಕು. ನಮ್ಮ ಕಡೆಯ ವಿಮಾನ ನಿಲ್ದಾಣವನ್ನು ದಾಟಿ ಹೋಗಿ ತಿರುಗಿ ಬರ್ತದೆ. ಟಿಕೆಟಿನಲ್ಲಿರೋದು ನಿಂತ ಜಾಗ ಬಿಟ್ಟಲ್ಲಿಂದ ಮತ್ತೆ ನಿಲ್ಲುವವರೆಗಿನ ಹೊತ್ತು.

ಕಾಳಿದಡ (ಕಾರವಾರ): ಲೆಕ್ಕ ಸರಿ ಮಾರಾಯ್ರೇ, ಅವರ ಪ್ರಯಾಣ ಅಷ್ಟೇ ಅಲ್ಲವಲ್ಲ. ಶಿರಸಿಯಿಂದ ಹುಬ್ಬಳ್ಳಿಗೆ ನೂರು ಕಿ.ಮೀ., ಎರಡೂವರೆ ತಾಸು. ಒಂದೂವರೆ ತಾಸು ಮೊದಲೇ ಮುಟ್ಟಬೇಕು. ದೇವನಹಳ್ಳಿಯಲ್ಲಿ ಇಳಿದು ಇಡೀ ಬೆಂಗಳೂರು ದಾಟಿ ಕಿದ್ವಾಯಿ ಇರುವ ಹೊಸೂರು ರಸ್ತೆಗೆ ಎರಡು ತಾಸು. ಹಾರಾಟವನ್ನೂ ಕೂಡಿಸಿದರೆ ಏಳು ತಾಸಿನ ಮೇಲೆ. ರಾತ್ರಿ ಸ್ಲೀಪರ್ ಬಸ್ಸಿಗೆ ಮಲಗಿಕೊಂಡೇ ಹೋಗಬಹುದಲ್ಲ?

ಅಂಕೋಲೆಯವಳು: ಅಣ್ಣಾ, ಕೀಮೋ ಆದವರನ್ನು ಸ್ಲೀಪರಿನಲ್ಲಿ ಕರ್ಕೊಂಡು ಹೋಗಿದ್ದೀರಾ? ನಾನು ಅಪ್ಪನನ್ನು ಕರ್ಕೊಂಡು ಹೋಗಿದ್ದೆ. ಅರಬೈಲ್ ಘಟ್ಟ ಹತ್ತುವುದರೊಳಗೆ ಮೂರು ಸಲ ವಾಂತಿ. ಬಸ್ಸು ನಿಲ್ಲಿಸಲಿಲ್ಲ. ಬಸ್ಸಿಗೂ ವಿಮಾನಕ್ಕೂ ಹೊತ್ತು ಅಷ್ಟೇ ಇರಬಹುದು. ಆದರೆ ಕಾರನ್ನು ಬೇಕಾದಲ್ಲಿ ನಿಲ್ಲಿಸಬಹುದು, ನಿಲ್ದಾಣದಲ್ಲಿ ಕಾಲು ಚಾಚಬಹುದು. ಟಿಕೆಟ್ ಮಾಡುವಾಗಲೇ ವ್ಹೀಲ್‌ಚೇರ್ ಕೇಳಿಡಿ. ಹಾರಬಹುದು ಅಂತ ಡಾಕ್ಟರ ಚೀಟಿಯೂ ಇರಲಿ.

ಕಾಳಿದಡ (ಕಾರವಾರ): ತಂಗೀ, ಬಸ್ಸಿನ ಮಾತು ಬಿಟ್ಟೆ. ನನಗೆ ಗೊತ್ತಿರಲಿಲ್ಲ. ಕರಾವಳಿಯವರು ಯಾರಾದರೂ ಓದ್ತಾ ಇದ್ದರೆ ಒಂದು ಮಾತು: ಗೋವಾದಿಂದ ಹಾರುವುದಾದರೆ ಟಿಕೆಟಿನಲ್ಲಿ ದಾಬೋಳಿಯೋ ಮೋಪಾವೋ ನೋಡಿ. 2023ರಿಂದ ಎರಡು ನಿಲ್ದಾಣ. ದಾಬೋಳಿಯಿಂದ ಕಾರವಾರಕ್ಕೆ ಸುಮಾರು ನೂರು ಕಿ.ಮೀ., ಮೋಪಾಕ್ಕೆ ಗೋವಾದ ಉತ್ತರದ ತುದಿವರೆಗೂ ಹೋಗಬೇಕು. ಅಂಕೋಲೆಯ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಆದರೆ ಇದೆಲ್ಲ ತಪ್ಪೀತು.

ಅಂಕೋಲೆಯವಳು: ಶಿರಸಿಯವರಿಗೆ ತಪ್ಪುವುದಿಲ್ಲ, ಅವರು ದೇವಿಮನೆ ಘಟ್ಟ ಇಳಿದು ಬರಬೇಕು. ಸೀಬರ್ಡ್ ನೌಕಾನೆಲೆಗೆ ನೆಲ ಬಿಟ್ಟುಕೊಟ್ಟ ತಾಲೂಕು ನಮ್ಮದು. ಈಗ ನಿಲ್ದಾಣಕ್ಕೂ ನಮ್ಮದೇ ಗದ್ದೆ. ಜಿಲ್ಲೆಯಲ್ಲೇ ದೊಡ್ಡ ಆಸ್ಪತ್ರೆ ಇದ್ದಿದ್ದರೆ ಇವರು ಈ ಪ್ರಶ್ನೆ ಕೇಳುತ್ತಿರಲಿಲ್ಲ.

ಮೋಡದಾಚೆ (ಕುಮಟಾ): ಎರಡೂ ಬೇಕು ಅಂತ ನಾನು ಹೇಳ್ತೇನೆ. ಆಸ್ಪತ್ರೆ ಮೊದಲು, ಒಪ್ಪಿದೆ.

ತೋಟದಮನೆ (ಶಿರಸಿ): ಹುಬ್ಬಳ್ಳಿಯಿಂದಲೇ ಮಾಡಿದೆ, ಮಧ್ಯಾಹ್ನದ ವಿಮಾನ. ವ್ಹೀಲ್‌ಚೇರ್ ಬರೆಸಿದ್ದೇನೆ. ಬೆಳಿಗ್ಗೆ ಬೇಗ ಹೊರಟು ಮುಂಡಗೋಡಿನಲ್ಲಿ ಸ್ವಲ್ಪ ಹೊತ್ತು ನಿಲ್ಲಿಸ್ತೇವೆ. ಅಕ್ಕಾ, ನಿಮ್ಮ ಅಪ್ಪ ಈಗ ಹೇಗಿದ್ದಾರೆ?