ಸಹಾಯ ಬೇಕು: ಹಳೇ ಪೈಪಿಗೆ ಹೊಸ ಲೇಔಟ್ ಜೋಡಿಸೋ ಮುಂಚೆ ಏನು ಕೇಳಬೇಕು?

ಎಲ್ಲರಿಗೂ ನಮಸ್ಕಾರ. ನಮ್ಮದು ಪುರಸಭೆ ಇರೋ ಊರು. ಬೈಪಾಸ್ ಪಕ್ಕ ಹೊಸ ಲೇಔಟ್‌ಗಳು ಬರ್ತಿವೆ, ಅವಕ್ಕೂ ನಮ್ಮ ಹಳೇ ಓವರ್‌ಹೆಡ್ ಟ್ಯಾಂಕಿನಿಂದಲೇ ನೀರಂತೆ. ಈಗಲೇ ನಾಲ್ಕು ದಿನಕ್ಕೊಮ್ಮೆ ನಲ್ಲಿ ಬರೋದು. ಪೈಪು ಒಡೆದಾಗೆಲ್ಲ ವಾಟರ್‌ಮನ್ ಬಂದು ಸೈಕಲ್ ಟ್ಯೂಬ್ ಸುತ್ತಿ ಹೋಗ್ತಾರೆ. ಮೊದಲ ಎರಡು ಕೊಡ ಕೆಸರು ನೀರು ಚೆಲ್ಲಲೇಬೇಕು. ಊರು ಬೆಳೀಲಿ, ನಮ್ಮ ಮಕ್ಕಳಿಗೂ ಸೈಟು ಬೇಕು. ಆದ್ರೆ ಒಳಚರಂಡಿ ಇರೋ ಊರಿಗೆ ತಲಾ ದಿನಕ್ಕೆ 135 ಲೀಟರ್ ಅನ್ನೋದು ಕೇಂದ್ರದ ಮಾನದಂಡ. ಅಷ್ಟು ನೀರು ಎಲ್ಲಿಂದ ತರ್ತಾರೆ ಅನ್ನೋ ಲೆಕ್ಕ ಯಾರೂ ತೋರಿಸ್ತಿಲ್ಲ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕ್ತೀವಿ, 30 ದಿನದೊಳಗೆ ಉತ್ತರ ಕೊಡಬೇಕಲ್ಲ. ಯಾವ ದಾಖಲೆ ಕೇಳಿದ್ರೆ ಉಪಯೋಗ? ಲೇಔಟ್ ಅನುಮೋದನೆಯ ಷರತ್ತುಗಳಾ, ಪೈಪ್‌ಲೈನ್ ನಕ್ಷೆನಾ? ನೀರು ಸರಬರಾಜಿನಲ್ಲಿ ಕೆಲಸ ಮಾಡಿದ ಎಂಜಿನಿಯರ್‌ಗಳು ಇದ್ರೆ ದಯವಿಟ್ಟು ಕರಡು ನೋಡಿಕೊಡಿ.