ಅಪ್‌ಡೇಟ್: ಕೊನೆಗೆ 40-65 ತೋಟಾದ ರೈಫಲ್ ತೆಗೆದುಕೊಂಡೆ

600 ಗಜದೊಳಗಿನ ಗುರಿಗೆ, ಮಲಗಿ ಹೊಡೆಯಲು, ಬ್ಲ್ಯಾಕ್ ಪೌಡರ್ (ಹಳೆಯ ಕಾಲದ ಕರಿಮದ್ದು) ರೈಫಲ್‌ಗೆ 45-70 ತೋಟಾ ಒಳ್ಳೆಯದಾ, 40-65 ತೋಟಾ ಒಳ್ಳೆಯದಾ ಅಂತ ಇಲ್ಲಿ ಕೇಳಿದ್ದೆ. ಹೆಚ್ಚಿನವರು 45-70 ಅಂದಿರಿ. ನಾನು 40-65 ತೆಗೆದುಕೊಂಡೆ, ಬೈಯಬೇಡಿ.

45-70 ಬಗ್ಗೆ ದೂರಿಲ್ಲ. 1873ರಲ್ಲಿ ಅಮೆರಿಕದ ಸೈನ್ಯಕ್ಕೆ ಬಂದ ತೋಟಾ ಅದು, ಕೇಸು (ತೋಟಾದ ಹಿತ್ತಾಳೆ ಕವಚ), ಗುಂಡು ಎರೆಯುವ ಅಚ್ಚು, ಕೇಸಿಗೆ ಆಕಾರ ಕೊಡುವ ಡೈ ಎಲ್ಲಾ ಸುಲಭವಾಗಿ ಸಿಗುತ್ತವೆ. ಆದರೆ 500 ಗ್ರೇನ್ (ಸುಮಾರು 32 ಗ್ರಾಂ) ಗುಂಡು ಹಾಕಿ ಮಲಗಿ ಹೊಡೆಯುತ್ತಾ ಹೋದರೆ ಭುಜ ಸುಮ್ನೆ ಇರಲ್ಲ. ಒದೆತಕ್ಕೆ ಹೆದರಿ ಟ್ರಿಗರ್ ಎಳೆದುಬಿಟ್ಟರೆ ಎಂಥಾ ತೋಟಾ ಇದ್ದೇನು, ಅಲ್ವಾ? 40-65ರಲ್ಲಿ 400 ಗ್ರೇನ್ ಗುಂಡು ಸಾಕು. ಒದೆತ ಕಡಿಮೆ. 600 ಗಜಕ್ಕೆ ಧಾರಾಳವಾಗಿ ತಲುಪುತ್ತದೆ.

ಕೇಸು ಸಿಗಲ್ಲ ಅಂತ ಹೆದರಿಸಿದ್ದಿರಿ. 45-70 ಕೇಸನ್ನೇ ಡೈಗೆ ಒತ್ತಿ ಸಣ್ಣ ಮಾಡಿಕೊಳ್ಳಬಹುದು. ಬಾಯಿಯ ಗೋಡೆ ಸ್ವಲ್ಪ ದಪ್ಪವಾಗುತ್ತದೆ, ಅದನ್ನು ಅಳೆದು ನೋಡಬೇಕು ಅಷ್ಟೇ. ಕೊಳ್ಳುವವರು ಬ್ಯಾರಲ್‌ನ ತಿರುವನ್ನು (ಗುಂಡನ್ನು ತಿರುಗಿಸುವ ಒಳಗಿನ ಗೀರು ಎಷ್ಟು ಇಂಚಿಗೆ ಒಂದು ಸುತ್ತು ಬರುತ್ತದೆ ಅನ್ನೋದು) ಮಾತ್ರ ಕೇಳಿ ಖಚಿತ ಮಾಡಿಕೊಳ್ಳಿ. 1887ರ ಮೂಲ 40-65 ತೋಟಾದಲ್ಲಿ ಇದ್ದದ್ದು 260 ಗ್ರೇನ್ ಗುಂಡು. ಉದ್ದನೆಯ 400 ಗ್ರೇನ್ ಗುಂಡಿಗೆ 16 ಇಂಚಿಗೆ ಒಂದು ಸುತ್ತಿನ ಬ್ಯಾರಲ್ ಬೇಕು.

ಮದ್ದು ಉರಿದು ಬ್ಯಾರಲ್‌ನಲ್ಲಿ ಉಳಿಯುವ ಮಸಿ ವಿಷಯ ನೀವು ಹೇಳಿದ ಹಾಗೇ. ಪ್ರತಿ ಗುಂಡಿನ ನಂತರ ಕೊಳವೆ ಇಟ್ಟು ಬ್ಯಾರಲ್ ಒಳಗೆ ನಿಧಾನವಾಗಿ ಊದಬೇಕು. ಉಸಿರಿನ ತೇವಕ್ಕೆ ಮಸಿ ಮೆತ್ತಗಾಗುತ್ತದೆ. ಒಣಹವೆಯಲ್ಲಿ ಇನ್ನೂ ಜಾಸ್ತಿ ಊದಬೇಕು. ಮರೆತರೆ ಮುಂದಿನ ತೋಟಾ ಒಳಗೆ ಕೂರುವಾಗಲೇ ಬಿಗಿ ಗೊತ್ತಾಗುತ್ತದೆ.

ಮುಂದಿನ ಕೆಲಸ ಕೇಸಿನೊಳಗೆ ಮದ್ದನ್ನು ಎಷ್ಟು ಒತ್ತಬೇಕು ಅನ್ನೋದು. ಗುಂಡಿನ ಕೆಳಗೆ ಖಾಲಿ ಜಾಗ ಬಿಡಬಾರದು ಅನ್ನೋದಂತೂ ಗಟ್ಟಿ.